ಗಾಳಿಯಲ್ಲಿ ಓದಿದ ಜಾಝ್ ಕವಿತೆಗಳು

ಒಂದು ಬೆಳಿಗ್ಗೆ ಕೊರಳಿನ ಸರದ ಕೊಂಡಿ ಕೂಡಲಿಲ್ಲ. ಕನ್ನಡಿಯಲ್ಲಿ ನೋಡಿದರೆ ಕೊರಳಲ್ಲಿ ಗಂಟು. ಥೈರಾಯ್ಡ್ ಎಂದರು. ಆಪರೇಷನ್ ಆಯಿತು. ಎಚ್ಚರವಾದಾಗ ‘ಅವ್ವಾ’ ಎಂದೆ.

ಗಾಳಿ ಮಾತ್ರ ಬಂತು.

“ನರಕ್ಕೆ ಪೆಟ್ಟಾಗಿದೆ. ದನಿ ಬಂದರೂ ಬರಬಹುದು,” ಎಂದರು ಡಾಕ್ಟರು.

“ಬತ್ತದೋ ಇಲ್ವೋ, ಒಂದ್ ಹೇಳಿ ಸ್ವಾಮಿ. ಪಾಠ ಹೇಳೋಳು ಇವ್ಳು,” ಎಂದಳು ಅವ್ವ. ಡಾಕ್ಟರು ಮುಂದಿನ ಬೆಡ್ಡಿಗೆ ಹೋದರು.

ನಮ್ಮ ಮನೆತನದಲ್ಲಿ ಬಿ.ಎ. ಮಾಡಿದವಳು ನಾನೇ ಮೊದಲು. ನಮ್ಮೂರು ಶಿವನಿಯಿಂದ ರೈಲಿನಲ್ಲಿ ಅಜ್ಜಂಪುರಕ್ಕೆ ಹೋಗಿ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದೆ. ನಾನು ಸಾಲು ಓದಬೇಕು, ಮಕ್ಕಳು ಹಾಗೇ ತಿರುಗಿ ಹೇಳಬೇಕು. ಇಂಗ್ಲಿಷ್ ಕಲಿಸುವುದೆಂದರೆ ನಮ್ಮಲ್ಲಿ ಅಷ್ಟೇ. ದನಿಯಿಲ್ಲದವಳು ಇನ್ನೇನು ಕಲಿಸಿಯಾಳು?

ಮನೆಗೆ ಬಂದ ಮೇಲೆ ಬಾವಿಯ ಹತ್ತಿರ ಅವ್ವ ನನ್ನನ್ನು ಒಬ್ಬಳನ್ನೇ ಬಿಡುತ್ತಿರಲಿಲ್ಲ.

ನೋಡಲು ಬಂದ ಕಡೂರಿನ ಗೆಳತಿ ವನಜ ಒಂದು ಪುಸ್ತಕ ಬಿಟ್ಟುಹೋದಳು. ಅಮೆರಿಕದ ಕಪ್ಪು ಕವಿಗಳು ಜಾಝ್ ಸಂಗೀತ ಕೇಳುತ್ತ ಬರೆದ ಕವಿತೆಗಳು. ಜಾಝ್ ಅನ್ನು ನಾನು ಕೇಳಿದವಳೇ ಅಲ್ಲ. ಮುನ್ನುಡಿಯಲ್ಲಿತ್ತು: ಇವನ್ನು ಗಟ್ಟಿಯಾಗಿ ಓದಿ.

ಪುಸ್ತಕವನ್ನು ಗೋಡೆಗೆ ಎಸೆದೆ.

ಅವ್ವ ಎತ್ತಿ ಹಾಸಿಗೆಯ ಮೇಲಿಟ್ಟಳು. ಬೇರೆ ಕೆಲಸವಿರಲಿಲ್ಲ, ಓದಿದೆ. ಕಾಲೇಜಿನಲ್ಲಿ ಕಲಿತ ಛಂದಸ್ಸು ಅಲ್ಲಿ ನಡೆಯಲಿಲ್ಲ. ಸಾಲು ಎರಡು ಪದಕ್ಕೇ ನಿಲ್ಲುತ್ತದೆ, ಆಮೇಲೆ ಬರೀ ಬಿಳಿ ಜಾಗ, ಮತ್ತೆ ಅದೇ ಸಾಲು ಸ್ವಲ್ಪ ಸೊಟ್ಟಗೆ. ತುಟಿಯಾಡಿಸಿ ಓದಿದರೆ ನನ್ನ ಉಸಿರೂ ಎರಡು ಪದಕ್ಕೇ ಮುಗಿಯುತ್ತಿತ್ತು.

“ಏನೇ, ಜಪ ಮಾಡ್ತಿದೀಯ? ಮುಂಚೆ ನೀನು ಓದಕ್ಕೆ ಕೂತ್ರೆ ಪಕ್ಕದ್ಮನೆ ಎಮ್ಮೆ ಬೆದರ್ತಿತ್ತು ಕಣೇ,” ಎಂದು ನಕ್ಕ ಅವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

ರಜೆ ಮುಗಿಯಿತು. ದನಿ ಬರಲಿಲ್ಲ.

“ಆಫೀಸ್ ಕೆಲಸ ನೋಡ್ಕೊಳ್ಳಿ ಮೇಡಂ. ಕ್ಲಾಸು ಯಾಕೆ?” ಎಂದರು ಹೆಡ್‌ಮಾಸ್ಟರು. ಒಂದು ಪಿರಿಯಡ್ ಕೊಡಿ ಎಂದು ಕೈ ಮುಗಿದೆ.

ಎಂಟನೇ ಕ್ಲಾಸು. ಪಠ್ಯದ ಪದ್ಯವನ್ನು ಆ ಪುಸ್ತಕದ ಕವಿಗಳಂತೆ ಮುರಿದು ಓದಿದೆ. ಎರಡು ಪದ. ಉಸಿರು. ಎರಡು ಪದ. ಕೊನೆಯ ಬೆಂಚಿಗೆ ಕೇಳಿಸಿರಲಾರದು. ನನ್ನ ಪಾಠ ಇಲ್ಲಿಗೆ ಮುಗಿಯಿತು ಎಂದುಕೊಂಡೆ.

ಮಕ್ಕಳು ತಿರುಗಿ ಹೇಳಿದರು. ಗಾಳಿಯಲ್ಲಿ.

ಅಣಕವೆಂದು ಮೈ ಉರಿಯಿತು. ಮುಖಗಳನ್ನು ನೋಡಿದೆ. ಯಾರೂ ನಗುತ್ತಿರಲಿಲ್ಲ. ಟೀಚರು ಹೇಳಿದ ಹಾಗೇ ಹೇಳಬೇಕು ಎಂದು ಗದರಿಸಿ ಕಲಿಸಿದವಳು ನಾನೇ. ಆ ಪಿಸುದನಿ ಬೆಂಚಿನಿಂದ ಬೆಂಚಿಗೆ ಹಿಂದಕ್ಕೆ ಹೋಯಿತು: ಎರಡು ಪದ, ಉಸಿರು, ಎರಡು ಪದ. ಸದ್ದೇ ಇಲ್ಲವಲ್ಲ ಎಂದು ಹೆಡ್‌ಮಾಸ್ಟರು ಕಿಟಕಿಯಲ್ಲಿ ಇಣುಕಿದರು.

ದನಿ ಬರುತ್ತದೆಂದು ನಾನೀಗ ಕಾಯುತ್ತಿಲ್ಲ. ಒಬ್ಬಳೇ ಇದ್ದಾಗ ಅಳುವುದು ನಿಂತಿಲ್ಲ, ಅದಕ್ಕೂ ಸದ್ದಿಲ್ಲ. ನಾಳೆಗೂ ಪಿರಿಯಡ್ ಕೊಟ್ಟಿದ್ದಾರೆ. ಮುಂದಿನ ಪದ್ಯವನ್ನು ಎಲ್ಲೆಲ್ಲಿ ಮುರಿಯಬೇಕೆಂದು ಪೆನ್ಸಿಲಿನಲ್ಲಿ ಗುರುತು ಹಾಕುತ್ತಿದ್ದೇನೆ.