ಶಕುಂತಲಮ್ಮನ ದೋಣಿಗೆ ನಂಬರು

ಮೊದಲ ಮಾತುಕತೆಯನ್ನು ಗೊತ್ತುಮಾಡಿಕೊಟ್ಟವರು ಕಾವ್ಯ. ಇವರು ಹೆಬ್ಬೂರಿನ ಸಹಕಾರ ಸಂಘವೊಂದರಲ್ಲಿ ಗುಮಾಸ್ತೆ. ಇವರ ತಂದೆ ಅಡವಿಯಪ್ಪನವರು ಕುಣಿಗಲ್ ತಾಲ್ಲೂಕಿನ ಒಂದು ಕೆರೆಯ ನೀರಗಂಟಿಯಾಗಿದ್ದವರು. ಅಂದರೆ, ತೂಬು ತೆರೆದು ಗದ್ದೆಗಳಿಗೆ ಸರದಿಯಂತೆ ನೀರು ಹಾಯಿಸುತ್ತಿದ್ದವರು. ಅಂಥವರ ನೆನಪುಗಳನ್ನು ಸಂಪುಟವೊಂದಕ್ಕಾಗಿ ದಾಖಲಿಸುತ್ತಿದ್ದ ನಾನು ಹಲವು ಸಲ ಫೋನ್ ಮಾಡಿದ ಮೇಲೆ ಕಾವ್ಯ ವಿಷಯವನ್ನು ಬಿಡಿಸಿ ಹೇಳಿದರು.

“ಅಪ್ಪಂಗೆ ಸ್ಟ್ರೋಕ್ ಆಗಿದೆ ಸರ್. ನಾಕೈದು ಮಾತು ಬಿಟ್ರೆ ಬರಲ್ಲ. ಬನ್ನಿ, ಆದ್ರೆ ಮಾತಾಡೋದು ಅಮ್ಮನೇ. ಗುರುವಾರ ಮಾತ್ರ ಬೇಡ, ಅವತ್ತು ಅಮ್ಮಂಗೆ ಈಜು ಕ್ಲಾಸು.”

ಅರವತ್ತೆರಡರ ತಾಯಿಗೆ ಈಜು ಏಕೆಂದು ಕೇಳಿದೆ.

“ದೋಣಿ ರಿಜಿಸ್ಟ್ರೇಷನ್‌ಗೆ,” ಎಂದು ನಕ್ಕು ಫೋನ್ ಇಟ್ಟರು.

2024ರ ಆಗಸ್ಟ್ ಮೊದಲ ಶನಿವಾರ ನಾನು ಅವರ ಮನೆ ತಲುಪಿದೆ. ಕೆರೆಯ ಹೆಸರನ್ನು ಮನೆಯವರ ಕೋರಿಕೆಯಂತೆ ಇಲ್ಲಿ ಬಿಟ್ಟಿದ್ದೇನೆ. ಅಂಗಳದಲ್ಲಿ ಒಂದು ನೀಲಿ ಫೈಬರ್ ದೋಣಿ ಸಿಮೆಂಟ್ ಇಟ್ಟಿಗೆಗಳ ಮೇಲೆ ಬೋರಲಾಗಿ ಮಲಗಿತ್ತು. ಅದರ ಪಕ್ಕದ ಕುರ್ಚಿಯಲ್ಲಿ ಅಡವಿಯಪ್ಪನವರು ಕುಳಿತಿದ್ದರು. ರೆಕಾರ್ಡರನ್ನು ದೋಣಿಯ ಬೆನ್ನ ಮೇಲಿಟ್ಟೆ. ಕಾವ್ಯರ ತಾಯಿ ಶಕುಂತಲಮ್ಮ ಹೇಳತೊಡಗಿದರು.

ಅಡವಿಯಪ್ಪನವರು ತಮ್ಮ ತಂದೆಯಿಂದ ಬಂದ ಕೆಲಸವನ್ನು ಮೂವತ್ತು ವರ್ಷ ಮಾಡಿದರು. ಏರಿಯಿಂದ ಒಳಗೆ, ನೀರಿನ ನಡುವೆ, ತೂಬಿನ ಎರಡು ಕಲ್ಲುಕಂಬಗಳು ನಿಂತಿವೆ. ಪ್ರತಿವರ್ಷ ಮೊದಲ ನೀರು ಬಿಡುವ ದಿನ ಅಲ್ಲಿಗೆ ಈಜಿ ಹೋಗಿ, ಕಂಬಕ್ಕೆ ಅರಿಶಿನ ಹಚ್ಚಿ, ಮುಳುಗಿ ತೂಬು ತೆರೆಯುತ್ತಿದ್ದರು. 2022ರಲ್ಲಿ ಬಲಗೈ, ಬಲಗಾಲು ಸ್ವಾಧೀನ ತಪ್ಪಿದವು.

“ಏರಿ ಮೇಲೆ ಕರ್ಕೊಂಡೋದ್ರೆ ಆ ಕಲ್ಲು ತೋರ್ಸಿ ‘ಅಲ್ಲಿ, ಅಲ್ಲಿ’ ಅಂತಿದ್ರು. ಎಷ್ಟು ದಿನ ಅಂತ ನೋಡೋದು? ನಾನೇ ಕರ್ಕೊಂಡೋಯ್ತೀನಿ ಅಂದೆ.”

ತುಮಕೂರಿನ ಹೊರವಲಯದಲ್ಲಿ ಮುಚ್ಚಿಹೋದ ವಿಹಾರಧಾಮವೊಂದರ ದೋಣಿ ಮಾರಾಟಕ್ಕಿತ್ತು. ಆ ವರ್ಷದ ಕೊಬ್ಬರಿ ಮಾರಿ ಅದನ್ನು ಕೊಂಡರು. ಕೆರೆಯಲ್ಲಿ ಮೀನಿನ ಗುತ್ತಿಗೆ ಹಿಡಿದಿದ್ದ ಗಂಗರಾಜು ದಡದಲ್ಲೇ ತಡೆದರು. “ನಂಬರ್ ಇಲ್ದೆ ನೀರಿಗಿಳಿಸ್ಬೇಡಿ ಶಕುಂತಲಕ್ಕ. ನಾಳೆ ಏನಾರ ಆದ್ರೆ ಬಲೆ ಹಾಕಿ ಹುಡ್ಕೋನು ನಾನೇ ಕಣಕ್ಕ.”

ಹೀಗೆ ಓಡಾಟ ಆರಂಭವಾಯಿತು. ಹಳೆಯ ಮಾಲೀಕರ ರಸೀದಿ, ಕೆರೆಯಲ್ಲಿ ನಡೆಸಲು ಅನುಮತಿ, ಉದ್ದಗಲದ ಅಳತೆ, ತಪಾಸಣೆಯ ಶುಲ್ಕ, ವಿಮೆ, ಗುಣಮಟ್ಟದ ಮುದ್ರೆಯುಳ್ಳ ಜೀವರಕ್ಷಕ ಜಾಕೆಟ್ಟು. ಶುಲ್ಕ ಅಂದುಕೊಂಡದ್ದಕ್ಕಿಂತ ಕಡಿಮೆ. ಜಾಕೆಟ್ಟುಗಳಿಗೇ ಹೆಚ್ಚು ಖರ್ಚಾಯಿತು. ತುಮಕೂರಿನ ವಿಮಾ ಏಜೆಂಟರೊಬ್ಬರು ದೋಣಿಯ ಚಾಸಿಸ್ ನಂಬರು ಕೇಳಿದರಂತೆ. “ಹುಟ್ಟು ಹಾಕೋಕೆ ಎರಡು ಕೋಲವೆ, ಅದರ ನಂಬರ್ ಬೇಕಾದ್ರೆ ಬರ್ಕೊಳ್ಳಿ ಅಂದೆ,” ಎಂದರು ಶಕುಂತಲಮ್ಮ.

2024ರ ಜೂನ್ ತಿಂಗಳಲ್ಲಿ ತಪಾಸಣೆಯ ದಿನ ಬಂತು. ಹೊಸ ಟ್ರ್ಯಾಕ್ಟರಿಗೆ ಮಾಡುವಂತೆ ದೋಣಿಗೂ ಹೂವೇರಿಸಿ ಕುಂಕುಮವಿಟ್ಟರು. ಕಾವ್ಯ ತೆಂಗಿನಕಾಯಿ ತಂದಾಗ ಅಡವಿಯಪ್ಪನವರು ಎಡಗೈ ಚಾಚಿದರು. ಎರಡು ವರ್ಷದಿಂದ ಲೋಟವನ್ನೂ ತಾವಾಗಿ ಕೇಳಿ ಪಡೆಯದಿದ್ದವರು. ಕುರ್ಚಿಯನ್ನು ದೋಣಿಯ ಮೂತಿಯ ಹತ್ತಿರ ಎಳೆದು, ಕಾಯಿಯನ್ನು ಅವರ ಕೈಗಿತ್ತರು. ದೋಣಿಯ ಮೂತಿಗೇ ಒಂದೇ ಏಟು.

“ಕಾಯಿ ಸಮವಾಗಿ ಎರಡು ಹೋಳಾಯ್ತು. ಶುಭ ಅಂತ ಖುಷಿಪಟ್ವಿ. ಆಮೇಲೆ ನೋಡಿದ್ರೆ ದೋಣೀನೂ ಒಡೆದಿತ್ತು.”

ಮೂತಿಯಿಂದ ಒಂದು ಗೇಣು ಉದ್ದದ ಬಿರುಕು. ತಪಾಸಣಾಧಿಕಾರಿ ಹೊನ್ನಯ್ಯನವರು ಅದರ ಮೇಲೆ ಬೆರಳಾಡಿಸಿದರು. “ಲಾರಿ ಬಂಪರ್‌ಗೆ ಒಡೆದಂಗೆ ಒಡೆದಿದೀರಲ್ರೀ! ಯಾರ್ ಮಾಡಿದ್ದು?”

“ನಾನೇ ಸ್ವಾಮಿ,” ಎಂದರು ಶಕುಂತಲಮ್ಮ.

ಅಡವಿಯಪ್ಪನವರು ಎದೆ ತಟ್ಟಿಕೊಂಡರು. “ನಾನು.”

ಇದನ್ನು ಹೇಳುವಾಗ ಶಕುಂತಲಮ್ಮ ಗಂಡನ ಮೊಣಕಾಲ ಮೇಲೆ ಕೈಯಿಟ್ಟಿದ್ದರು. “ಅಷ್ಟು ಚೆನ್ನಾಗಿ ‘ನಾನು’ ಅಂದ್ರಲ್ಲ, ದೋಣಿ ಹೋದ್ರೆ ಹೋಗ್ಲಿ ಬುಡು ಅನ್ನಿಸ್ಬುಡ್ತು ನಂಗೆ.”

ಹೊನ್ನಯ್ಯನವರು ಅಂದು ಸಹಿ ಹಾಕಲಿಲ್ಲ. ಬಿರುಕು ಸರಿಯಾಗಬೇಕು ಎಂದರು. ಹುಟ್ಟು ಹಾಕುವವರು ಯಾರು ಎಂದು ಕೇಳಿ, ಶಕುಂತಲಮ್ಮನಿಗೆ ಈಜು ಬಾರದೆಂದು ತಿಳಿದಾಗ ಇನ್ನೊಂದು ಷರತ್ತನ್ನು ಸೇರಿಸಿದರು: ಒಂದು ಪಾರ್ಶ್ವ ಆಡದವರನ್ನು ಕೂರಿಸಿಕೊಂಡು ಹೋಗುವವರಿಗೆ ಈಜು ಬರಲೇಬೇಕು, ಅದನ್ನು ತಾವು ಕಣ್ಣಾರೆ ನೋಡಬೇಕು.

ತುಮಕೂರಿನಲ್ಲಿ ಬಸ್ಸುಗಳ ಫೈಬರ್ ಭಾಗಗಳನ್ನು ರಿಪೇರಿ ಮಾಡುವ ಅಂಜನಮೂರ್ತಿ ಬಂದು ಬಿರುಕು ಮುಚ್ಚಿಕೊಟ್ಟರು. ಈಜು ಅಷ್ಟು ಸುಲಭವಾಗಿರಲಿಲ್ಲ. ಊರ ಕೆರೆಯಲ್ಲಿ ಕಲಿಯೋಣವೆಂದರೆ ಏರಿಯ ಮೇಲೆ ನಿಂತು ನೋಡುವವರು ಹೆಚ್ಚು. ಗುಬ್ಬಿ ತಾಲ್ಲೂಕಿನ ಚೇಳೂರಿನ ಬಳಿ ಶಕುಂತಲಮ್ಮನ ತವರಿನ ತೆಂಗಿನ ತೋಟದಲ್ಲಿ ಮೆಟ್ಟಿಲುಬಾವಿಯಿದೆ. ಗುರುವಾರಗಳಂದು ತಮ್ಮ ಪುಟ್ಟರಂಗಯ್ಯ ಕಾರು ತಂದು ಅಕ್ಕ-ಭಾವಂದಿರನ್ನು ಕರೆದೊಯ್ಯುತ್ತಿದ್ದರು. ಸೆಪ್ಟೆಂಬರಿನ ಒಂದು ಗುರುವಾರ ಅನುಮತಿ ಪಡೆದು ನಾನೂ ಹೋದೆ.

ಮಗಳ ಚೂಡಿದಾರ ತೊಟ್ಟ ಶಕುಂತಲಮ್ಮ ಮೆಟ್ಟಿಲಿಳಿದರು. ಸಿಪ್ಪೆ ಸುಲಿಯದ ಎರಡು ಒಣಕಾಯಿಗಳನ್ನು ನಾರಿನಿಂದ ಜೋಡಿಸಿ ಅವರ ಎದೆಯಡಿಗೆ ಕಟ್ಟಿದ್ದರು. ಆ ಸೀಮೆಯ ಮಕ್ಕಳು ಈಜು ಕಲಿಯುವುದೇ ಹಾಗೆ. ಸೊಂಟದ ಹಗ್ಗದ ತುದಿ ತಮ್ಮನ ಕೈಯಲ್ಲಿತ್ತು.

“ಅಕ್ಕಯ್ಯ, ಒಲಿಂಪಿಕ್ಸ್ ಮುಗ್ದೋಯ್ತು ಕಣೇ, ಲೇಟಾಯ್ತು.”

“ಬಾಯ್ಮುಚ್ಕೊಂಡು ಹಗ್ಗ ಹಿಡ್ಕೊಳ್ಳೋ. ಬುಟ್ಗಿಟ್ಟೀಯ!”

ಬಾವಿಕಟ್ಟೆಯ ಮೇಲಿನ ಕುರ್ಚಿಯಿಂದ ಅಡವಿಯಪ್ಪನವರು ಎಡಗಾಲನ್ನು ನೆಲಕ್ಕೆ ಬಡಿದರು. “ಕಾಲು,” ಎಂದರು. ಆಕೆ ಕಾಲು ಬಡಿದರು. ನೀರು ಕುಡಿದು ಕೆಮ್ಮಿ, ಮೇಲೆ ನೋಡಿ ಗದರಿದರು: “ನಲವತ್ತು ವರ್ಷ ಸಂಸಾರ ಮಾಡಿದೀರಲ್ಲ, ಆಗ್ಲೇ ಕಲಿಸೋಕೇನಾಗಿತ್ತು ನಿಮಗೆ?” ಅಡವಿಯಪ್ಪನವರು ಮೈಯೆಲ್ಲ ಅಲುಗುವಂತೆ ನಕ್ಕರು. ಆ ನಗು ಧ್ವನಿಮುದ್ರಿಕೆಯಲ್ಲಿದೆ.

ಅಕ್ಟೋಬರಿನಲ್ಲಿ ಕಾಯಿಗಳನ್ನು ಬಿಚ್ಚಿದರು, ಅನಂತರ ಹಗ್ಗವನ್ನು. ನವೆಂಬರಿನ ಎರಡನೆಯ ತಪಾಸಣೆಗೆ ಹೊನ್ನಯ್ಯನವರು ಬಂದರು. ಮುಚ್ಚಿದ ಬಿರುಕನ್ನು ಒಳಗೂ ಹೊರಗೂ ತಟ್ಟಿ ನೋಡಿ ಒಪ್ಪಿದರು. ಬಳಿಕ ಶಕುಂತಲಮ್ಮನಿಗೆ ಜಾಕೆಟ್ಟು ಬಿಚ್ಚಲು ಹೇಳಿದರು. ಈ ಸಲ ಏರಿಯ ಮೇಲೆ ಅರ್ಧ ಊರೇ ನಿಂತಿತ್ತು. ಆಕೆ ಯಾರ ಕಡೆಗೂ ನೋಡದೆ ನೀರಿಗಿಳಿದು, ಗಂಗರಾಜುವಿನ ತೆಪ್ಪದವರೆಗೆ ನಿಧಾನವಾಗಿ ಈಜಿ, ಅದನ್ನು ಮುಟ್ಟಿ ಹಿಂದಿರುಗಿದರು. ಹೊನ್ನಯ್ಯನವರು ಪೆನ್ನು ತೆಗೆದರು. “ಈ ಸಲ ಪೂಜೆಗೆ ಬಾಳೆಹಣ್ಣು ಇಡ್ರಮ್ಮ, ಸಾಕು,” ಎಂದರು.

ನೋಂದಣಿ ಸಂಖ್ಯೆಯನ್ನು ದೋಣಿಯ ಎರಡೂ ಬದಿಗೆ ಕಾವ್ಯ ಬಿಳಿ ಬಣ್ಣದಲ್ಲಿ ಬರೆದರು. ಸಂಪುಟದ ಕೊನೆಯ ನಮೂದು ಇದು: 2024ರ ನವೆಂಬರ್ 24, ಭಾನುವಾರ ಬೆಳಿಗ್ಗೆ, ಶಕುಂತಲಮ್ಮ ಹುಟ್ಟು ಹಾಕಿ ದೋಣಿಯನ್ನು ತೂಬಿನ ಕಂಬಗಳವರೆಗೆ ನಡೆಸಿದರು, ಅಡವಿಯಪ್ಪನವರು ಕಂಬಕ್ಕೆ ಅರಿಶಿನ ಹಚ್ಚಿದರು.