ಜಟಗನ ಕಟ್ಟೆಯೆದುರು ಕಿರುಚಿದ ಎಂಜಿನ್

ಅಂಕೋಲೆಯ ಟ್ಯಾಕ್ಸಿ ಸ್ಟ್ಯಾಂಡಿನಲ್ಲಿ ಹುಲಿಯಾನ ಹೆಸರೆತ್ತಿದರೆ ಡ್ರೈವರುಗಳು ಎರಡು ಮಾತು ಹೇಳುತ್ತಿದ್ದರು. ಡೀಸೆಲ್ ಎಂಜಿನ್ ಅವನ ಮಾತು ಕೇಳುತ್ತದೆ, ಮತ್ತು ಹೊಗಳಿದರೆ ಅವನು ಯಾರ ಮಾತನ್ನೂ ಕೇಳುತ್ತಾನೆ. ಎರಡೂ ನಿಜವೇ. ಬೇಲೆಕೇರಿಯ ಮೀನುಬೋಟುಗಳ ಎಂಜಿನ್ ಬಿಚ್ಚಿ ಕಟ್ಟಿ ಕಲಿತ ಕೆಲಸಕ್ಕೆ ಕಾರವಾರದಲ್ಲಿ ಎಂಜಿನ್ನಿನ ಡೀಸೆಲ್ ಪಂಪು ರಿಪೇರಿ ಮಾಡುವ ಅಂಗಡಿಯೊಂದರಲ್ಲಿ ದುಡಿದು ಸಾಣೆ ಹಿಡಿಸಿಕೊಂಡು ಬಂದಿದ್ದ. ಬಸಳೆ, ಬೆಂಡೆ ಬೆಳೆದು ಬುಟ್ಟಿಯಲ್ಲಿ ಹೊತ್ತು ಮಾರುವವರ ಕೇರಿಯ ಹುಡುಗ ಹೆದ್ದಾರಿ ಬದಿಗೆ ತಗಡಿನ ಗ್ಯಾರೇಜು ಎಬ್ಬಿಸಿದಾಗ ಕೇರಿಗೆ ಕೇರಿಯೇ ಬಂದು ನೋಡಿಕೊಂಡು ಹೋಗಿತ್ತು.

ಅದು ಅದಿರಿನ ಲಾರಿಗಳ ಕಾಲ, ಎರಡು ಸಾವಿರದ ಏಳರ ಸುಮಾರು. ಬಂದರಿನಲ್ಲಿ ಅದಿರು ಸುರಿದು ಮರಳುವ ಲಾರಿಗಳು ಅರಬೈಲ್ ಘಟ್ಟವನ್ನು ಸಾಲುಗಟ್ಟಿ ತೆವಳುತ್ತ ಹತ್ತುತ್ತಿದ್ದವು. ಎದುರಿನಿಂದ ತುಂಬಿದ ಲಾರಿಗಳು ಇಳಿಯುತ್ತಿದ್ದವು. ನಡುವೆ ಸಿಕ್ಕ ಚೂರು ಜಾಗದಲ್ಲಿ ಮುಂದಕ್ಕೆ ನುಗ್ಗಿದವನಷ್ಟೇ ಹೊತ್ತಿಗೆ ಸರಿಯಾಗಿ ಯಲ್ಲಾಪುರ ಮುಟ್ಟುತ್ತಿದ್ದ. ಮಂಜುನಾಥನ ಬಾಡಿಗೆ ಕಾರು ಹಳೆಯ ಟರ್ಬೊ ಡೀಸೆಲ್. ಜನ ತುಂಬಿದರೆ ಘಟ್ಟದಲ್ಲಿ ಅದಕ್ಕೆ ಏದುಸಿರು.

“ಹುಲಿಯಣ್ಣ, ಇದ್ಕೆ ಸ್ವಲ್ಪ ಜೀವ ಕೊಡು ಮಾರಾಯ. ಲಾರಿ ಹಿಂದೆ ಹೊಗೆ ಕುಡ್ದು ಕುಡ್ದು ಸಾಕಾಯ್ತು. ಇದೆಲ್ಲ ಗೊತ್ತಿದ್ದವ ಈ ಸೀಮೆಲಿ ನೀನೊಬ್ನೇ ಅಲ್ದಾ?” ಎಂದ ಮಂಜುನಾಥ.

ಕೊನೆಯ ಮಾತೊಂದೇ ಸಾಕಿತ್ತು. ಟರ್ಬೊ ಎಂದರೆ ಮಾಯಮಂತ್ರವೇನಲ್ಲ. ಎಂಜಿನ್ ಉಗುಳುವ ಬಿಸಿ ಹೊಗೆಯಿಂದ ಪುಟ್ಟ ಫ್ಯಾನೊಂದನ್ನು ತಿರುಗಿಸಿ, ಆ ಫ್ಯಾನಿನಿಂದ ಎಂಜಿನ್ನಿಗೇ ಹೆಚ್ಚು ಗಾಳಿ ಊದಿಸುವ ಉಪಾಯ. ಗಾಳಿ ಹೆಚ್ಚಿದ್ದರೆ ಡೀಸೆಲ್ಲೂ ಹೆಚ್ಚು ಉರಿಯುತ್ತದೆ, ಶಕ್ತಿಯೂ ಹೆಚ್ಚುತ್ತದೆ. ಹುಲಿಯಾ ಎಂಜಿನ್ನಿಗೆ ಡೀಸೆಲ್ ಉಣಿಸುವ ಪಂಪಿನ ಸೀಸದ ಮುದ್ರೆ ಒಡೆದು ಒಳಗಿನ ಸ್ಕ್ರೂ ತಿರುಗಿಸಿ ಡೀಸೆಲ್ ಜಾಸ್ತಿ ಬಿಟ್ಟ. ಗಾಳಿಯ ಒತ್ತಡವನ್ನು ಹದದಲ್ಲಿಡುವ ಸರಳನ್ನು ಬಿಗಿಮಾಡಿ ಅದನ್ನೂ ಏರಿಸಿದ. ಕಾರು ಹಗ್ಗ ಬಿಚ್ಚಿದ ಹೋರಿಯಂತಾಯಿತು.

ಆದರೆ ಶಕ್ತಿಯ ಜೊತೆಗೆ ಬಿಸಿಯೂ ಬರುತ್ತದೆ. ಘಟ್ಟ ಹತ್ತಿದ ಟರ್ಬೊ ಕೆಂಡದಂತಿರುತ್ತದೆ. ಅದರ ಫ್ಯಾನು ತಿರುಗುವ ಅಚ್ಚನ್ನು ಕಾಯುವುದು ಒಳಗೆ ಹರಿಯುವ ಆಯಿಲ್ ಒಂದೇ. ಗಾಡಿ ನಿಲ್ಲಿಸಿದ ಕೂಡಲೇ ಎಂಜಿನ್ ಆರಿಸಿದರೆ ಆಯಿಲ್ ನಿಂತಲ್ಲೇ ಸೀದು ಕರಟುತ್ತದೆ. ಸ್ವಲ್ಪ ಹೊತ್ತು ಸುಮ್ಮನೆ ಓಡಲು ಬಿಟ್ಟು ಆಮೇಲೆ ಆರಿಸಬೇಕು. ಇದು ಹುಲಿಯಾನಿಗೆ ಚೆನ್ನಾಗಿ ಗೊತ್ತಿತ್ತು. ಹೇಳಲು ಬಾಯಿಯನ್ನೂ ತೆರೆದಿದ್ದ.

ಆಗಲೇ ಅವನಿಗೆ ಜಟಗನ ನೆನಪಾಯಿತು. ಘಟ್ಟದ ತಲೆಯ ಮೇಲೆ ದಾರಿ ಕಾಯುವ ದೇವರು ಜಟಗನ ಕಟ್ಟೆ. ಏರು ಮುಗಿಸಿದ ಅಂಕೋಲೆಯ ಡ್ರೈವರುಗಳೆಲ್ಲ ಅಲ್ಲಿ ನಿಲ್ಲಿಸಿ, ಎಂಜಿನ್ ಆರಿಸಿ, ಇಳಿದು ಕೈ ಮುಗಿಯಲೇಬೇಕು. ದೇವರ ಮುಂದೆ ಗಾಡಿ ಗುರುಗುಟ್ಟಬಾರದು ಎಂಬುದು ಅಪ್ಪಂದಿರ ಕಾಲದ ಕಟ್ಟಳೆ. ಅಲ್ಲಿ ಆರಿಸಬೇಡ ಎಂದು ಯಾವ ಬಾಯಲ್ಲಿ ಹೇಳುವುದು? ಹೇಳಿದರೆ ದೇವರಿಗಿಂತ ದೊಡ್ಡವನಾದನೇ ಎಂದಾರು. ಇನ್ನೊಂದು ಕಾರಣ ಅದಕ್ಕಿಂತ ಸಣ್ಣದು: ಮಾಡಿದ ಕೆಲಸಕ್ಕೊಂದು ಷರತ್ತು ಹಾಕಿದರೆ ಹೊಗಳಿಕೆಯ ರುಚಿ ಕೆಡುತ್ತಿತ್ತು. ಹುಲಿಯಾ ತೆರೆದ ಬಾಯಿ ಮುಚ್ಚಿಕೊಂಡ.

ಮಳೆಗಾಲ ಕಳೆಯುವವರೆಗೂ ಎಲ್ಲ ಸುಸೂತ್ರ. ಆಮೇಲೊಂದು ದಿನ ಮಂಜುನಾಥ ನೆಂಟರ ಮನೆಯ ನಿಶ್ಚಿತಾರ್ಥಕ್ಕೆಂದು ತಾಯಿ ಗಂಗಿಯನ್ನೂ ಹೆಂಡತಿ ಭವ್ಯಾಳನ್ನೂ ಕೂರಿಸಿಕೊಂಡು ಘಟ್ಟ ಹತ್ತಿದ. ಹಾರವಾಡದ ತೌರಿನಲ್ಲಿ ಅಜ್ಜಿ ತೀರಿಕೊಂಡಿದ್ದರಿಂದ ಭವ್ಯಾ ಆಗಷ್ಟೇ ಅಲ್ಲಿಂದ ಮರಳಿದ್ದಳು. ಕಟ್ಟೆಯೆದುರು ಎಂಜಿನ್ ಆರಿಸಿ, ಜಟಗನಿಗೆ ಮೂವರೂ ಕೈ ಮುಗಿದು ಬಂದು ಕೂತರು. ಮಂಜುನಾಥ ಕೀಲಿ ತಿರುಗಿಸಿದ. ಎಂಜಿನ್ ಒಮ್ಮೆಲೇ ಕಿರುಚತೊಡಗಿತು. ಕಟ್ಟೆಯೇ ಕಾಣದಷ್ಟು ಬಿಳಿ ಹೊಗೆ. ಹೆದರಿ ಕೀಲಿ ಆರಿಸಿದರೂ ನಿಲ್ಲಲಿಲ್ಲ. ಕೀಲಿ ಕಿತ್ತು ಕೈಯಲ್ಲಿ ಹಿಡಿದರೂ ನಿಲ್ಲಲಿಲ್ಲ. ಮೂವರೂ ಇಳಿದು ಓಡಿದರು. ಕಿರುಚಿ ಕಿರುಚಿ ಕೊನೆಗೆ ಎಂಜಿನ್ ಕಟಕ್ಕೆಂದು ಕಚ್ಚಿಕೊಂಡು ಸತ್ತಿತು.

“ಸೂತಕ ಕಳೀದೆ ಜಟಗನ ಮುಂದೆ ಬಂದು ನಿಂತ್ಲಲ್ಲ! ಅವ ಸುಮ್ನೆ ಬಿಡ್ತ್ನಾ?” ಎಂದಳು ಗಂಗಿ. ಮಿಂದು, ಶುದ್ಧ ಮಾಡಿಕೊಂಡೇ ಬಂದದ್ದು ಎಂದು ಭವ್ಯಾ ಹೇಳಿದ್ದು ಯಾರ ಕಿವಿಗೂ ಬೀಳಲಿಲ್ಲ.

ಕಾರನ್ನು ಎಳೆಸಿಕೊಂಡು ಗ್ಯಾರೇಜಿಗೆ ತಂದರು. ಹುಲಿಯಾ ಟರ್ಬೊ ಬಿಚ್ಚಿದ. ಅಚ್ಚಿನ ಮೇಲೆ ಸೀದ ಆಯಿಲ್ ಕಾವಲಿಯ ಮಸಿಯಂತೆ ಗಟ್ಟಿ ಕೂತಿತ್ತು. ಆಯಿಲ್ ತಡೆಯುವ ಸೀಲು ಹೋಗಿ, ಎಂಜಿನ್ ತನ್ನ ಆಯಿಲನ್ನೇ ಹೀರಿ ಉರಿಸಿಕೊಂಡು ಓಡಿದೆ. ಕೀಲಿ ತಡೆಯುವುದು ಡೀಸೆಲ್ಲನ್ನು, ಆಯಿಲನ್ನಲ್ಲ. ಅವನಿಗೆ ಎಲ್ಲವೂ ಒಂದೇ ನೋಟಕ್ಕೆ ತಿಳಿಯಿತು.

ಮಂಜುನಾಥ ಪಕ್ಕದಲ್ಲೇ ನಿಂತಿದ್ದ. “ಕೀಲಿ ನನ್ನ ಕೈಲಿತ್ತು ಹುಲಿಯಣ್ಣ, ಆದ್ರೂ ಓಡ್ತು. ಯಂತ್ರ ತನ್ನಷ್ಟಕ್ಕೆ ಹಂಗೆ ಮಾಡ್ತದಾ? ನೀ ಹೇಳು. ನೀ ಹೇಳಿದ್ದೇ ಕಡೇ ಮಾತು.”

ಹುಲಿಯಾ ಅಚ್ಚನ್ನು ಬಟ್ಟೆಯಲ್ಲಿ ಸುತ್ತಿದ. “ಯಂತ ಹೇಳೂದು ತಮಾ, ನಾನೂ ಇಂಥದ್ದು ಕಂಡದ್ದಿಲ್ಲ,” ಎಂದ.

ಅಷ್ಟೇ ಮಾತು. ಅದರ ಮೇಲೆ ಭವ್ಯಾಳನ್ನು ಹಾರವಾಡಕ್ಕೆ ಕಳಿಸಿದರು. ಜಟಗ ಹೂವಿನ ಪ್ರಸಾದ ಕೊಟ್ಟು ಒಪ್ಪಿದ ಮೇಲೆ ಕರೆಸಿಕೊಳ್ಳುವುದೆಂದಾಯಿತು. ಆದರೆ ಗಂಗಿ ಕಟ್ಟೆಗೆ ಹೋಗಿ ಕೇಳಿದಾಗಲೆಲ್ಲ ಕಲ್ಲಿನ ಮೇಲಿಟ್ಟ ಹೂವು ಎಡಕ್ಕೇ ಬೀಳುತ್ತಿತ್ತು. ಎಡಕ್ಕೆ ಬಿದ್ದರೆ ದೇವರ ಒಪ್ಪಿಗೆಯಿಲ್ಲ.

ಹುಲಿಯಾ ಕಚ್ಚಿಕೊಂಡ ಎಂಜಿನ್ನನ್ನು ಸರಿಮಾಡಿ ಕೂರಿಸಿಕೊಟ್ಟ, ಬೇರೆ ಟರ್ಬೊ ಹಾಕಿದ, ಯಾರೂ ಕೇಳದಿದ್ದರೂ ಸ್ಕ್ರೂವನ್ನು ಮೊದಲಿನ ಹದಕ್ಕೆ ತಂದಿಟ್ಟ. ಅದರಿಂದ ಮನಸ್ಸೇನೂ ಹಗುರಾಗಲಿಲ್ಲ. ಹೆಂಡತಿ ಕಾಮಿ, “ಯಾರ ಮೇಲೆ ಸಿಟ್ಟು ನಿಂಗೆ?” ಎಂದು ಕೇಳಿದರೆ ತಟ್ಟೆ ದೂಡಿ ಎದ್ದುಬಿಡುತ್ತಿದ್ದ. ಹೇಳಿಬಿಡಬೇಕು ಎಂದು ದಿನವೂ ಅಂದುಕೊಳ್ಳುವನು. ಸ್ಟ್ಯಾಂಡಿನಲ್ಲಿ ಯಾರಾದರೂ “ಹುಲಿಯಣ್ಣಂಗೇ ತಿಳೀಲಿಲ್ಲ ಅಂದ್ರೆ ಅದು ದೇವರದ್ದೇ ಆಟ” ಎಂದಾಗ ನಾಲಿಗೆ ಹಿಂದಕ್ಕೆ ಸರಿಯುವುದು. ಹೇಡಿತನಕ್ಕೆ ಇಷ್ಟು ಗೌರವ ಸಿಕ್ಕಿದ್ದು ಅವನಿಗೇ ಅಸಹ್ಯವಾಗಿತ್ತು.

ಬೋಟಿನ ಕೆಲಸಕ್ಕೆ ಹಾರವಾಡಕ್ಕೆ ಹೋದಾಗ ಭವ್ಯಾ ಎದುರಾದಳು. ಯಾರದೋ ಗದ್ದೆಗೆ ಕೂಲಿಗೆ ಹೊರಟಿದ್ದಳು. ಸೊರಗಿದ್ದಳು.

“ಸೋಮಾರ, ಶನಿವಾರ ಒಪ್ಪೊತ್ತು ಮಾಡ್ತೆ ಅಣ್ಣ. ಆದ್ರೂ ಅವ ಒಲೀಲಿಲ್ಲ. ನೀನು ಒಳಗೆಲ್ಲ ಬಿಚ್ಚಿ ನೋಡಿದ್ಯಲ್ಲ, ಪೂರಾ ಸುಟ್ಟಿತ್ತಾ? ಅಷ್ಟು ಸಿಟ್ಟಾ ಅವ್ನಿಗೆ ನನ್ನ ಮೇಲೆ?”

ಅವಳು ಅಳುತ್ತಿರಲಿಲ್ಲ, ಯಾರನ್ನೂ ಬೈಯುತ್ತಲೂ ಇರಲಿಲ್ಲ. ತಪ್ಪು ತನ್ನದೇ ಎಂದು ನಂಬಿಬಿಟ್ಟಿದ್ದಳು. ಅದನ್ನು ತಡೆದುಕೊಳ್ಳುವುದು ಹುಲಿಯಾನಿಂದ ಆಗಲಿಲ್ಲ. ಬೋಟಿನ ಕೆಲಸ ಬಿಟ್ಟು ಗ್ಯಾರೇಜಿಗೆ ಓಡಿದ. ಬಟ್ಟೆಯಲ್ಲಿ ಸುತ್ತಿಟ್ಟ ಅಚ್ಚನ್ನು ತೆಗೆದುಕೊಂಡು ನೇರ ಮಂಜುನಾಥನ ಮನೆಗೆ ಹೋದ. ಜಗಲಿಯ ಮೇಲೆ ಅದನ್ನಿಟ್ಟು, ಸ್ಕ್ರೂ ತಿರುಗಿಸಿದ್ದು, ಹೇಳಬೇಕಾದ್ದನ್ನು ಹೇಳದೆ ನುಂಗಿದ್ದು, ಆಮೇಲೆ ಸುಳ್ಳು ಹೇಳಿದ್ದು, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದ. ನಾಚಿಕೆಯಿಂದ ತಲೆ ಮೇಲೇಳಲಿಲ್ಲ.

“ಹಂಗಾರೆ ಹೂವು ಎಡಕ್ಕೆ ಯಂತಕ್ಕೆ ಬಿತ್ತು?” ಎಂದಳು ಗಂಗಿ. ಮಂಜುನಾಥ ಬೈಯಲಿಲ್ಲ, ಹೊಡೆಯಲಿಲ್ಲ. ಕೀಲಿ ತೆಗೆದುಕೊಂಡು, “ನಡಿ. ಅವ್ಳ ಎದುರೂ ಹೇಳು,” ಎಂದಷ್ಟೇ ಹೇಳಿದ.

ಹಾರವಾಡದ ಅಂಗಳದಲ್ಲಿ ಹುಲಿಯಾ ಮತ್ತೆ ಮೊದಲಿನಿಂದ ಎಲ್ಲವನ್ನೂ ಹೇಳಿದ. ಭವ್ಯಾ ಕೊನೆಯವರೆಗೂ ಕೇಳಿಸಿಕೊಂಡಳು.

“ಯಾವಾಗ ಗೊತ್ತಾದ್ದು ನಿಂಗೆ?”

“ಬಿಚ್ಚಿದ ದಿನವೇ, ತಂಗಿ.”

“ದೇವ್ರ ಸಿಟ್ಟು ಅಂದ್ಕಂಡಿದ್ದೆ. ದೇವ್ರ ಹತ್ರ ಜಗಳ ಮಾಡೂಕೆ ಆಗ್ತದಾ? ಸೈಸ್ಕಂಡೆ. ಈಗ ನೋಡಿದ್ರೆ ದೇವ್ರಲ್ಲ, ನೀವಿಬ್ರು.” ಅವಳು ಗಂಡನ ಕಡೆ ತಿರುಗಿದಳು. “ಯಂತ್ರದ್ದು ಕೇಳೂಕೆ ಗ್ಯಾರೇಜಿಗೆ ಹೋದೆ. ನನ್ನ ಒಂದ್ಸಲ ಕೇಳ್ದ್ಯಾ?”

ಭವ್ಯಾ ಒಳಗೆ ಹೋಗಿ ಚೀಲ ಹಿಡಿದು ಬಂದಳು. ಮಂಜುನಾಥ ಕಾರಿನ ಬಾಗಿಲು ತೆರೆದ. “ಮನೆಗೆ ಬತ್ತೆ. ಬಸ್ಸಿಗೆ ಬತ್ತೆ,” ಎಂದು ಅವಳು ಹೆದ್ದಾರಿಯ ಕಡೆ ನಡೆದಳು. ಚೀಲವನ್ನಾದರೂ ಹೊತ್ತು ತಂದುಕೊಡೋಣವೆಂದು ಹುಲಿಯಾ ಹಿಂದಿನಿಂದ ಹೋಗಿ ಕೈ ಚಾಚಿದ. ಅವಳು ಅವನ ಮುಖ ನೋಡದೆ ಚೀಲವನ್ನು ಇನ್ನೊಂದು ಕೈಗೆ ಬದಲಿಸಿಕೊಂಡಳು.