ಸೂಟ್‌ಕೇಸಿನಲ್ಲಿ ಜಾಗವಿಲ್ಲದ ಮಾತ್ರೆ

ಮೊದಲು ಬಂದದ್ದು ತಲೆನೋವು. ಬೆಳಿಗ್ಗೆ ಏಳುವಾಗಲೇ, ಕತ್ತಿನ ಹಿಂದೆ. ನಿದ್ದೆ ಸಾಲದೆ ಇರಬೇಕು ಎಂದುಕೊಂಡೆ. ಸ್ವೀಡನ್ನಿನಲ್ಲಿ ನಾವಿರುವ ಟೋರ್ಸ್‌ಲಾಂಡದ ಹೆಲ್ತ್ ಸೆಂಟರಿನಲ್ಲಿ ನರ್ಸ್ ಮೂರು ಸಲ ಬಿಪಿ ನೋಡಿದಳು. ಮೂರು ಸಲವೂ ಹೆಚ್ಚು. ಎದೆಬಡಿತವೂ ಜೋರು. ಡಾಕ್ಟರು ಅಸ್ತಮಾ ಇದೆಯಾ, ಶುಗರ್ ಇದೆಯಾ ಎಂದು ಕೇಳಿ, ಟೆಸ್ಟ್ ಮಾಡಿಸಿ, ಬಡಿತವನ್ನೂ ಬಿಪಿಯನ್ನೂ ಇಳಿಸುವ ಬೀಟಾ ಬ್ಲಾಕರ್ ಮಾತ್ರೆ ಬರೆದುಕೊಟ್ಟರು. ದಿನಕ್ಕೊಂದು, ಬೆಳಿಗ್ಗೆ. ನೀವಾಗಿಯೇ ನಿಲ್ಲಿಸಬೇಡಿ ಎಂದೂ ಹೇಳಿದರು. ತಲೆಯಾಡಿಸಿದೆ, ತಲೆಗೆ ಹಾಕಿಕೊಳ್ಳಲಿಲ್ಲ.

ನನಗಾಗ ಮೂವತ್ತೊಂಬತ್ತು.

ಉಡುಪಿಯಲ್ಲಿ ತಮ್ಮನ ಜೊತೆ ಇರುವ ಅಮ್ಮನಿಗೆ ಹೇಳಲಿಲ್ಲ. ಅಪ್ಪನಿಗೆ ಬಿಪಿ ಏರಿಯೇ ಸ್ಟ್ರೋಕ್ ಆದದ್ದು. ಬಿಪಿ ಮಾತ್ರೆ ಅಂದರೆ ಅಮ್ಮನಿಗೆ ನೆನಪಾಗುವುದು ಅಪ್ಪನ ಎತ್ತಲಾಗದ ಬಲಗೈ. ಅದೂ ಅಲ್ಲದೆ ನಾವು ಜೂನ್ ತಿಂಗಳಲ್ಲಿ ಊರಿಗೆ ಹೊರಟಿದ್ದೆವು, ನಾಲ್ಕು ವರ್ಷಗಳ ನಂತರ. ಅಮ್ಮ ಕೊನೆಯ ಸಲ ಎತ್ತಿಕೊಂಡಾಗ ಮಗಳಿಗೆ ಐದು ತಿಂಗಳು. ಈಗ ಅವಳು ಡಾಗಿಸ್‌ನಿಂದ, ಅಂದರೆ ಇಲ್ಲಿನ ಶಿಶುವಿಹಾರದಿಂದ, ಸ್ವೀಡಿಷ್ ಹಾಡು ಹೇಳಿಕೊಂಡು ಬರುತ್ತಾಳೆ. ನನಗೆ ಬೇಕಿದ್ದದ್ದು ಹೆಚ್ಚೇನಲ್ಲ. ಅನ್ನಕ್ಕೆ ಬಸಳೆ ಪದಾರ್ಥ, ಅಮ್ಮನ ಹಳೆಯ ಕಾಟನ್ ಸೀರೆಯ ಸೆರಗು, ಯಾರೂ ಎಬ್ಬಿಸದ ಒಂದು ಮಧ್ಯಾಹ್ನದ ನಿದ್ದೆ.

ತೊಂದರೆ ಸೂಟ್‌ಕೇಸಿನದು. ನಮ್ಮಲ್ಲಿ ವಿದೇಶದಿಂದ ಬಂದವರ ಸೂಟ್‌ಕೇಸ್ ಅವರದಲ್ಲ. ಬಂದ ಸಂಜೆಯೇ ಅಮ್ಮ ಅದನ್ನು ಹಾಲ್ ನಡುವೆ ತೆರೆಯುತ್ತಾಳೆ. ಚಿಕ್ಕಮ್ಮಂದಿರು ಸುತ್ತ ಕೂರುತ್ತಾರೆ. ಚಾಕೊಲೇಟು, ಸೋಪು ಎಲ್ಲ ಹೊರಗೆ ಬರುತ್ತದೆ. ವ್ಯಾನಿಟಿ ಬ್ಯಾಗಿಗೂ ವಿನಾಯಿತಿ ಇಲ್ಲ. ಮಾತ್ರೆಯ ಡಬ್ಬಿಯನ್ನು ಎಲ್ಲಿ ಅಡಗಿಸಲಿ?

ಎರಡು ವಾರದಿಂದ ಬಿಪಿ ನಾರ್ಮಲ್ ಇತ್ತು. ಜ್ವರ ಬಿಟ್ಟ ಮೇಲೆ ಜ್ವರದ ಮಾತ್ರೆ ಯಾರು ತಿನ್ನುತ್ತಾರೆ? ಪ್ರಯಾಣಕ್ಕೆ ಐದು ದಿನ ಇರುವಾಗ ನಿಲ್ಲಿಸಿಬಿಟ್ಟೆ. ಕಾರ್ ಫ್ಯಾಕ್ಟರಿಯಲ್ಲಿ ಇಂಜಿನಿಯರ್ ಆಗಿರುವ ಗಂಡ ಪ್ರಸಾದನಿಗೂ ಹೇಳಲಿಲ್ಲ. ಮಾತ್ರೆ ಶುರುವಾದಂದಿನಿಂದ ತಣ್ಣಗಿದ್ದ ಬೆರಳುಗಳು ಬೆಚ್ಚಗಾದವು. ಪೂರ್ತಿ ವಾಸಿಯಾಯಿತು ಎಂದು ಖುಷಿಪಟ್ಟೆ. ಬುದ್ಧಿವಂತೆ ನಾನು!

ಹೊರಡುವ ದಿನ ಬೆಳಿಗ್ಗೆ ಸೂಟ್‌ಕೇಸ್ ಹಿಡಿದು ತೂಕದ ಯಂತ್ರದ ಮೇಲೆ ನಿಂತಿದ್ದೆ.

ಎದೆ ಹಿಂಡಿತು.

ಬಡಿತ ಕಿವಿಯೊಳಗೆ ಕೇಳುತ್ತಿತ್ತು. "ಏನಾಯ್ತೇ? ಕೂತ್ಕೋ, ಕೂತ್ಕೋ" ಎಂದು ಪ್ರಸಾದ್ ಓಡಿ ಬಂದ. ಆಂಬುಲೆನ್ಸ್. ಇಸಿಜಿ. ಬ್ಲಡ್ ಟೆಸ್ಟ್, ಕೆಲವು ಗಂಟೆ ಬಿಟ್ಟು ಮತ್ತೊಮ್ಮೆ. ಹಾರ್ಟ್ ಅಟ್ಯಾಕ್ ಅಲ್ಲ ಎಂದರು. ಆಗಷ್ಟೇ ಪ್ರಸಾದನ ಮುಖಕ್ಕೆ ಜೀವ ಬಂತು.

ವಾರ್ಡಿನ ಡಾಕ್ಟರು ನನಗಿಂತ ಚಿಕ್ಕವಳು. ಮಾತ್ರೆ ಬಿಟ್ಟದ್ದನ್ನು ಹೇಳಿದಾಗ ಗದರಲಿಲ್ಲ. "ಬಿಪಿ ನಾರ್ಮಲ್ ಇದ್ದದ್ದೇ ಮಾತ್ರೆಯಿಂದ. ಇದನ್ನು ಒಮ್ಮೆಲೇ ಬಿಟ್ಟರೆ ಬಡಿತವೂ ಬಿಪಿಯೂ ಹಾರುತ್ತವೆ. ಬಿಡಬೇಕೆನಿಸಿದರೆ ನಮ್ಮನ್ನು ಕೇಳಿ, ನಿಧಾನವಾಗಿ ಕಡಿಮೆ ಮಾಡೋಣ," ಎಂದು ಇಂಗ್ಲಿಷಿನಲ್ಲಿ ವಿವರಿಸಿದಳು. ಮರೆತ ದಿನದ್ದನ್ನು ಸೇರಿಸಿ ಎರಡು ನುಂಗಬಾರದು, ಪ್ರಯಾಣದಲ್ಲಿ ಡಬ್ಬಿ ಕೈಚೀಲದಲ್ಲೇ ಇರಲಿ ಎಂದಳು. ಸೂಟ್‌ಕೇಸಿನ ಕಥೆ ಹೇಳಿದೆ. ನಗಲಿಲ್ಲ. "ನಿಮ್ಮ ಅಮ್ಮನಿಗೆ ಹೇಳಲು ಅಷ್ಟು ಭಯವೇ?" ಎಂದು ಕೇಳಿದಳು.

ಆ ಸಂಜೆ ನಮ್ಮ ವಿಮಾನ ನಾವಿಲ್ಲದೆ ಹೋಯಿತು. ಊರಿಗೆಂದು ಕೊಂಡ ಕೆಂಪು ಚಪ್ಪಲಿ ಹಾಕಿಕೊಂಡೇ ಮಗಳು ವಾರ್ಡಿಗೆ ಬಂದಿದ್ದಳು. ಅದನ್ನು ನೋಡಿ ಅತ್ತುಬಿಟ್ಟೆ.

ಮರುದಿನ ಅಮ್ಮನಿಗೆ ಫೋನ್ ಮಾಡಿ ಎಲ್ಲ ಹೇಳಿದೆ.

"ನಿನ್ನ ಅಪ್ಪನೂ ಹಾಗೇ ಮಗಾ," ಎಂದಳು. "ಆರಾಮ ಉಂಟು ಅಂತ ಹೇಳಿ ಮಾತ್ರೆ ಬಿಟ್ಟದ್ದು. ನಾನೂ ಸುಮ್ಮನೆ ಕೂತೆ. ಮಾತ್ರೆ ಕಂಡ್ರೆ ನಂಗೆಂತ ಹೆದರಿಕೆ ಮಾರಾಯ್ತಿ? ಬಿಟ್ರೆ ಹೆದರಿಕೆ."

ಅಪ್ಪನಿಗೆ ಸ್ಟ್ರೋಕ್ ಆದಂದಿನಿಂದ ಹದಿನೈದು ವರ್ಷ ಇದನ್ನು ಅವಳು ಯಾರಿಗೂ ಹೇಳಿರಲಿಲ್ಲ.

"ಎಷ್ಟು ಗಂಟೆಗೆ ತಗೊಳ್ಳುದು ನೀನು?"

"ಏಳೂವರೆಗೆ. ನಿಮಗಾಗ ಹನ್ನೊಂದು."

ಡಿಸೆಂಬರಿನಲ್ಲಿ ಹೋಗಬಹುದು, ಚೆಕಪ್ ಸರಿಯಿದ್ದರೆ. ಮಂಚದ ಕೆಳಗಿನ ಸೂಟ್‌ಕೇಸನ್ನು ನಾನಿನ್ನೂ ಬಿಚ್ಚಿಲ್ಲ. ಬೆರಳುಗಳು ಮತ್ತೆ ತಣ್ಣಗಾಗಿವೆ, ಇರಲಿ. ದಿನಾ ಏಳೂವರೆಗೆ ಉಡುಪಿಯಿಂದ ಒಂದು ಮಿಸ್ಡ್ ಕಾಲ್ ಬರುತ್ತದೆ. ಎರಡು ರಿಂಗ್. ನಾನು ಮಾತ್ರೆ ನುಂಗಿ, ನೀರು ಕುಡಿದು, ಎರಡು ರಿಂಗ್ ಕೊಡುತ್ತೇನೆ. ಅದು ಬರುವವರೆಗೆ ಅಮ್ಮ ಒಲೆಯ ಹತ್ತಿರ ಹೋಗುವುದಿಲ್ಲವಂತೆ.